ಮಂಗನ ತಲೆಗೆ ಕಟ್ಟಿದ ಕಾಯಿಲೆ

ಪ್ರತಿ ವರ್ಷ ಸಂಕ್ರಾಂತಿ ಕಳೆದು ಬಿಸಿಲು ಸ್ವಲ್ಪ ಚುರುಕಾಗುತ್ತಿದ್ದ ಹಾಗೆ ನಮ್ಮ ಶಿವಮೊಗ್ಗದ ಪೇಪರುಗಳಲ್ಲಿ ಒಂದು ಸುದ್ದಿ ಬರುತ್ತದೆ. ಒಳಪುಟದಲ್ಲಿ, ಒಂದು ಮೂಲೆಯಲ್ಲಿ. ತೀರ್ಥಹಳ್ಳಿ ತಾಲೂಕಿನಲ್ಲಿ ಮಂಗ ಸತ್ತಿದೆ, ಸಾಗರದ ಕಡೆ ಇಬ್ಬರಿಗೆ ಜ್ವರ... ವಿನೋಬನಗರದಲ್ಲಿ ಕೂತು ಕಾಫಿ ಕುಡಿಯುವ ನಾವು ಅದನ್ನು ಓದಿ, "ಛೆ, ಪಾಪ" ಅಂದು, ಪುಟ ತಿರುಗಿಸಿ ಅಡಿಕೆ ಧಾರಣೆ ಎಷ್ಟಾಗಿದೆ ಅಂತ ನೋಡುತ್ತೇವೆ. ಎ.ಪಿ.ಎಂ.ಸಿ ಯಾರ್ಡು ಹತ್ತಿರದಲ್ಲೇ ಇದೆಯಲ್ಲ, ಇಲ್ಲಿ ತೋಟ ಇಲ್ಲದವರೂ ಧಾರಣೆ ನೋಡುತ್ತಾರೆ :-)

ನನಗೆ ಹಾಗೆ ಸುಲಭವಾಗಿ ಪುಟ ತಿರುಗಿಸಲು ಆಗುವುದಿಲ್ಲ. ನನ್ನ ಅಕ್ಕನನ್ನು ಕೊಟ್ಟಿರುವುದು ಹೊಸನಗರ ತಾಲೂಕಿನ ಒಂದು ಹಳ್ಳಿಗೆ. ಒಂದೂವರೆ ಎಕರೆ ಅಡಿಕೆ ತೋಟ, ಕೊಟ್ಟಿಗೆಯಲ್ಲಿ ಮೂರು ದನ, ಮನೆಯ ಹಿಂದೆಯೇ ಕಾಡು. ಪೇಪರಿನಲ್ಲಿ ಸುದ್ದಿ ಕಂಡ ದಿನವೆಲ್ಲ ಅವಳಿಗೆ ಫೋನ್ ಮಾಡುತ್ತೇನೆ. "ಅಕ್ಕ, ದರಗು ತರಕ್ಕೆ ಈ ಸಲ ಹೋಗ್ಬೇಡ" ಅಂತ ನಾನು. "ಹೋಗ್ದೆ ಕೊಟ್ಟಿಗೆಗೆ ಎಂತ ಹಾಕದು ಮಾರಾಯ? ನಿಮ್ಮ ವಿನೋಬನಗರದಿಂದ ಕಳಿಸ್ತೀಯ?" ಅಂತ ಅವಳು. ಅಲ್ಲಿಗೆ ಮಾತು ಮುಗಿಯುತ್ತದೆ, ಮಕ್ಕಳ ಪರೀಕ್ಷೆ ಯಾವಾಗ ಅನ್ನುವ ಕಡೆ ಹೊರಳುತ್ತದೆ.

ಅವಳ ಪ್ರಶ್ನೆ ಮಾತ್ರ ನನ್ನ ತಲೆಯಲ್ಲಿ ಉಳಿದುಬಿಟ್ಟಿದೆ. ಅದರ ಬೆನ್ನು ಹತ್ತಿ ಒಂದಿಷ್ಟು ಓದಿದೆ, ಒಂದಿಷ್ಟು ಜನರನ್ನು ಕೇಳಿದೆ. ಅದನ್ನೇ ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ಬೇಜಾರು ಮಾಡಿಕೊಳ್ಳಬೇಡಿ.

ಬಯಲುಸೀಮೆಯ ಓದುಗರಿಗೆ ಮೊದಲು ಒಂದು ಮಾತು. ದರಗು ಅಂದರೆ ಕಾಡಿನಲ್ಲಿ ಉದುರಿ ಬಿದ್ದ ಒಣ ಎಲೆ. ಬೇಸಿಗೆಯಲ್ಲಿ ಅದನ್ನು ಗುಡಿಸಿ, ಹೆಡಿಗೆಯಲ್ಲಿ ತುಂಬಿ, ತಲೆಯ ಮೇಲೆ ಹೊತ್ತು ತರುತ್ತಾರೆ. ದನದ ಕಾಲಡಿಗೆ ಹಾಸುತ್ತಾರೆ. ಅದು ಸಗಣಿ ಗಂಜಲದ ಜೊತೆ ಸೇರಿ ಗೊಬ್ಬರವಾಗುತ್ತದೆ, ಗೊಬ್ಬರ ಅಡಿಕೆ ಮರದ ಬುಡಕ್ಕೆ ಹೋಗುತ್ತದೆ. ಮಲೆನಾಡಿನ ತೋಟ ನಿಂತಿರುವುದು ಕಾಡಿನ ಎಲೆಯ ಮೇಲೆ ಅಂದರೆ ತಪ್ಪಿಲ್ಲ. ತೋಟಕ್ಕೆ ಇಷ್ಟು ಅಂತ ಸೊಪ್ಪಿನ ಬೆಟ್ಟ ಬಿಟ್ಟುಕೊಡುವ ಪದ್ಧತಿ ನಮ್ಮಲ್ಲಿ ಬಂದಿದ್ದೇ ಅದಕ್ಕೆ.

ಈಗ ಕಾಯಿಲೆಯ ವಿಷಯಕ್ಕೆ ಬರೋಣ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು, ಮುಸಿಯಗಳು ಒಂದರ ಹಿಂದೆ ಒಂದು ಸತ್ತು ಬೀಳತೊಡಗಿದವು. ಅದೇ ಸಮಯಕ್ಕೆ ಸುತ್ತಲಿನ ಹಳ್ಳಿಯವರಿಗೂ ವಿಪರೀತ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು (ಇವತ್ತಿನ ರಾಷ್ಟ್ರೀಯ ವೈರಾಣು ಸಂಸ್ಥೆ) ಧಾವಿಸಿ ಬಂದರು. ಆಫ್ರಿಕಾ, ದಕ್ಷಿಣ ಅಮೆರಿಕಗಳ ಹಳದಿ ಜ್ವರವೇ ಭಾರತಕ್ಕೂ ಬಂದುಬಿಟ್ಟಿತೇ ಎಂಬ ಹೆದರಿಕೆ ಅವರಿಗೆ. ಯಾಕೆಂದರೆ ದಕ್ಷಿಣ ಅಮೆರಿಕದಲ್ಲೂ ಮೊದಲು ಸಾಯುವುದು ಮಂಗಗಳೇ. ಪರೀಕ್ಷೆ ಮಾಡಿದಾಗ ಸಿಕ್ಕಿದ್ದು ಬೇರೆಯದೇ ಆದ ಹೊಸ ವೈರಸ್. ಅದನ್ನು ಹರಡುವುದು ಸೊಳ್ಳೆಯಲ್ಲ, ಉಣುಗು (ಉಣ್ಣೆ). ಕಾಯಿಲೆಗೆ ನಮ್ಮ ಆ ಕಾಡಿನ ಹೆಸರೇ ಬಂತು: ಕ್ಯಾಸನೂರು ಫಾರೆಸ್ಟ್ ಡಿಸೀಸ್, ಕೆ.ಎಫ್.ಡಿ. ಜನರ ಬಾಯಲ್ಲಿ ಮಾತ್ರ ಅದು ಮಂಗನ ಕಾಯಿಲೆ.

ಇದ್ದಕ್ಕಿದ್ದ ಹಾಗೆ ಜ್ವರ, ತಲೆ ಸಿಡಿಯುವ ನೋವು, ಮೈಕೈ ಮುರಿದು ಹಾಕಿದ ಹಾಗೆ. ಕೆಲವರಿಗೆ ಮೂಗು, ವಸಡಿನಲ್ಲಿ ರಕ್ತ. ವಾಸಿಯಾಯಿತು ಅಂದುಕೊಳ್ಳುವಾಗ ಕೆಲವರಿಗೆ ಒಂದೆರಡು ವಾರ ಬಿಟ್ಟು ಮತ್ತೆ ಜ್ವರ ತಿರುಗಿ ಬರುತ್ತದೆ, ಆಗ ಮೆದುಳಿಗೆ ತೊಂದರೆ. ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ಸಾಯುತ್ತಾರೆ. ಇದಕ್ಕೆ ಅಂತಲೇ ಬೇರೆ ಔಷಧಿ ಇಲ್ಲ, ಆರೈಕೆಯೇ ಚಿಕಿತ್ಸೆ.

ಇಷ್ಟು ಜೀವಶಾಸ್ತ್ರ. ಆದರೆ ಈ ಉಣುಗಿನ ವರ್ಷವನ್ನೂ ನನ್ನ ಅಕ್ಕನ ವರ್ಷವನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ನಿಜವಾಗಿ ಗಾಬರಿಯಾಯಿತು!

ಮಳೆಗಾಲದಲ್ಲಿ ಬಲಿತ ಉಣುಗು ದನದಂಥ ದೊಡ್ಡ ಪ್ರಾಣಿಯ ಮೈ ಹತ್ತುತ್ತದೆ. ಕಾಡಿಗೆ ಮೇಯಲು ಬಿಟ್ಟ ನಮ್ಮ ಮಲೆನಾಡು ಗಿಡ್ಡ ಅದಕ್ಕೆ ಹೇಳಿ ಮಾಡಿಸಿದ ಊಟ. ಹೊಟ್ಟೆ ತುಂಬ ರಕ್ತ ಕುಡಿದು ಕೆಳಗೆ ಉದುರಿ, ಎಲೆಗಳ ನಡುವೆ ರಾಶಿ ಮೊಟ್ಟೆ ಇಡುತ್ತದೆ. ಮಳೆ ನಿಂತ ಮೇಲೆ ಮರಿಗಳು. ಅವು ಇಲಿ, ಸುಂಡಿಲಿಗಳ ಮೇಲೆ ಬೆಳೆಯುತ್ತವೆ, ಅಲ್ಲೇ ವೈರಸ್ಸನ್ನೂ ಪಡೆಯುತ್ತವೆ. ಆಮೇಲೆ ಜನವರಿಯಿಂದ ಮೇವರೆಗೆ ನಡುಪ್ರಾಯದ ಉಣುಗಿನ ಕಾಲ. ಕಣ್ಣಿಗೆ ಕಂಡೂ ಕಾಣದಷ್ಟು ಚಿಕ್ಕದು. ಮನುಷ್ಯರಿಗೆ ಕಚ್ಚಿ ಕಾಯಿಲೆ ಕೊಡುವುದು ಮುಖ್ಯವಾಗಿ ಇದೇ. ಅದು ಕಾದು ಕೂರುವ ಜಾಗ ಯಾವುದು? ಒಣಗಿದ ಎಲೆ. ಆ ಎಲೆ ಉದುರುವ ಕಾಲ ಯಾವುದು? ಅದೇ ಜನವರಿಯಿಂದ ಮೇ. ಅಕ್ಕ ಹೆಡಿಗೆ ಹಿಡಿದು ಕಾಡಿಗೆ ಹೋಗುವ ಕಾಲ ಯಾವುದು? ಅದೂ ಅದೇ!

ಅಂದರೆ ವೈರಸ್ ಒಂದೇ ಇದ್ದರೆ ಕಾಯಿಲೆ ಆಗುವುದಿಲ್ಲ. ದನ ಬೇಕು, ಮೇಯಲು ಬಿಡುವ ಪದ್ಧತಿ ಬೇಕು, ಗೊಬ್ಬರ ಬೇಡುವ ತೋಟ ಬೇಕು, ಎಲೆ ಗುಡಿಸುವ ಕೈ ಬೇಕು. ಕ್ಯಾಸನೂರಿನಲ್ಲಿ ಕೆಲಸ ಮಾಡಿದ ಕೊಲಂಬಿಯಾ ದೇಶದ ವಿಜ್ಞಾನಿ ಹೋರ್ಹೆ ಬೋಶೆಲ್ 1969ರಲ್ಲೇ ಇದನ್ನು ಬರೆದಿದ್ದರು. ಜನ ಹೆಚ್ಚಾಗಿ, ಕಾಡಿನ ನಡುನಡುವೆ ಗದ್ದೆ ತೋಟ ಎದ್ದು, ದನಗಳು ಕಾಡಿಗೆ ನುಗ್ಗಿದ್ದರಿಂದ ಒಳಗೆಲ್ಲೋ ತನ್ನ ಪಾಡಿಗೆ ಇದ್ದ ವೈರಸ್ಸಿಗೆ ದಾರಿ ಸಿಕ್ಕಿತು ಅನ್ನುವುದು ಅವರ ವಾದ. 1982-83ರಲ್ಲಿ ಬೆಳ್ತಂಗಡಿ ತಾಲೂಕಿನಲ್ಲಿ ಗೇರು ತೋಟಕ್ಕೆಂದು ಕಾಡು ಕಡಿದ ಮೇಲೆ ಅಲ್ಲೂ ಇದು ಜೋರಾಗಿ ಎದ್ದಿತು. 2020ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ: ಕಾಡೂ ತೋಟವೂ ಕಲಸಿಕೊಂಡಿರುವ, ನಾಟಿ ದನ ಹೆಚ್ಚಿರುವ ಕಡೆ ಅಪಾಯ ಹೆಚ್ಚು.

ಮಂಗದ ಪಾಲು ಇಲ್ಲವೇ ಇಲ್ಲ ಅಂತಲ್ಲ. ಮಂಗಕ್ಕೆ ಸೋಂಕು ತಗುಲಿದರೆ ಅದರ ಮೈಮೇಲಿನ ಉಣುಗುಗಳಿಗೆಲ್ಲ ವೈರಸ್ ಸಿಗುತ್ತದೆ. ಅದು ಸತ್ತಾಗ ಅವೆಲ್ಲ ಅಲ್ಲೇ ಉದುರುತ್ತವೆ. ಅದಕ್ಕೇ ಮಂಗ ಸತ್ತ ಜಾಗದ ಸುತ್ತ 50 ಅಡಿ ಮೆಲಾಥಿಯನ್ ಪುಡಿ ಎರಚುವುದು. ಆದರೆ ಮಂಗ ಕೂಡ ನಮ್ಮ ಹಾಗೆ ಕಾಯಿಲೆ ಬಿದ್ದು ಸಾಯುವ ಪ್ರಾಣಿ. ಅದು ಸತ್ತು ನಮಗೆ ಎಚ್ಚರಿಕೆ ಕೊಡುತ್ತದೆ, ನಾವು ಕಾಯಿಲೆಯನ್ನೇ ಅದರ ತಲೆಗೆ ಕಟ್ಟಿದ್ದೇವೆ! 2022ರಲ್ಲಿ ಮಂಕಿಪಾಕ್ಸ್ ಸುದ್ದಿಯಾದಾಗ ನಮ್ಮ ಬೀದಿಯಲ್ಲೇ ಒಬ್ಬರು "ಅದು ನಮ್ಮ ಮಂಗನ ಕಾಯಿಲೆನೇ ಅಲ್ವ?" ಅಂತ ಕೇಳಿದ್ದರು. ಎರಡಕ್ಕೂ ಸಂಬಂಧವೇ ಇಲ್ಲ. ಪ್ರಾಣಿಯ ಹೆಸರು, ಊರಿನ ಹೆಸರು ಇಟ್ಟರೆ ಹೀಗೇ ಆಗುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿತ್ತು. 2022ರ ಕೊನೆಗೆ ಅದನ್ನು ಎಂಪಾಕ್ಸ್ ಅಂತ ಕರೆಯಲು ಶುರು ಮಾಡಿತು. ನಮ್ಮದು ಹಾಗೇ ಉಳಿದಿದೆ.

ಹೆಸರು ಯಾಕೆ ಮುಖ್ಯ ಅಂದರೆ, "ಮಂಗನ ಕಾಯಿಲೆ" ಅಂದ ಕೂಡಲೇ ಎಲೆ, ದನ, ಕೂಲಿ ಎಲ್ಲ ಮರೆಗೆ ಹೋಗುತ್ತವೆ. ಅಡಿಕೆ ತಿನ್ನುವವರು ನಾವೆಲ್ಲ, ಆದರೆ ದರಗು ಗುಡಿಸುವವರು ಕೆಲವರೇ. ದೊಡ್ಡ ತೋಟದ ಯಜಮಾನರು ಕಾಡಿಗೆ ಹೋಗುವುದಿಲ್ಲ, ಆಳು ಕಳಿಸುತ್ತಾರೆ. ಸಣ್ಣ ತೋಟದವರು ಸ್ವತಃ ಹೋಗುತ್ತಾರೆ. ತೋಟವೇ ಇಲ್ಲದವರು ಕೂಲಿಗೆ ಹೋಗುತ್ತಾರೆ. ಹೆಚ್ಚಾಗಿ ಹೆಂಗಸರು.

2018ರ ಕೊನೆಗೆ ಸಾಗರ ತಾಲೂಕಿನ ಅರಳಗೋಡಿನಲ್ಲಿ ಶುರುವಾಗಿ ಜಿಲ್ಲೆಯನ್ನೇ ನಡುಗಿಸಿದ ಆ ಬೇಸಿಗೆ ನಿಮಗೆ ನೆನಪಿರಬಹುದು. ಅದೇ ಬೇಸಿಗೆಯಲ್ಲಿ ಅಕ್ಕನ ಜೊತೆ ದರಗು ಗುಡಿಸುತ್ತಿದ್ದ ಒಬ್ಬಾಕೆಗೆ ಜ್ವರ ಬಂತು. ಮೂರು ದಿನ ಅಂಗಡಿಯಲ್ಲಿ ಸಿಗುವ ಮಾತ್ರೆ ನುಂಗಿದರು. ನಾಲ್ಕನೇ ದಿನವೂ ಕೆಲಸಕ್ಕೆ ಬಂದರಂತೆ, ಅರ್ಧ ದಿನದಲ್ಲಿ ಕೂತುಬಿಟ್ಟರಂತೆ. ಆಮೇಲೆ ಆಸ್ಪತ್ರೆ, ಅಲ್ಲಿಂದ ಇನ್ನೂ ದೊಡ್ಡ ಆಸ್ಪತ್ರೆ. ಉಳಿಯಲಿಲ್ಲ. ಅಕ್ಕನಿಗಿಂತ ಎರಡು ವರ್ಷ ಚಿಕ್ಕವರು. ಇಬ್ಬರೂ ಒಂದೇ ಎಲೆ ರಾಶಿಯ ಮೇಲೆ ಕೂತು ಎಲೆ ಅಡಿಕೆ ಹಾಕಿದವರು. "ಅವ್ಳಿಗೆ ಕಚ್ಚಿದ್ದು ನಂಗೂ ಕಚ್ಚಿರ್ತದೆ" ಅಂತ ಅಕ್ಕ ಈಗಲೂ ಹೇಳುತ್ತಾಳೆ. ಇರಬಹುದು. ಎಲ್ಲ ಉಣುಗಿನಲ್ಲೂ ವೈರಸ್ ಇರುವುದಿಲ್ಲ, ಸೋಂಕು ತಗುಲಿದ ಮೈಗಳೂ ಒಂದೇ ಥರ ಇರುವುದಿಲ್ಲ. ಆದರೆ ನಾಲ್ಕನೇ ದಿನ ಜ್ವರದಲ್ಲಿ ಕೆಲಸಕ್ಕೆ ಬಂದಿದ್ದು ವೈರಸ್ಸಿನ ಗುಣ ಅಲ್ಲವಲ್ಲ...

ಲಸಿಕೆ ಇರಲಿಲ್ಲವೇ ಅಂತ ಕೇಳಬಹುದು. ಇತ್ತು. 1990ರಿಂದ ಕೊಡುತ್ತಿದ್ದರು. ತಿಂಗಳ ಅಂತರದಲ್ಲಿ ಎರಡು ಡೋಸು, ಆರರಿಂದ ಒಂಬತ್ತು ತಿಂಗಳಲ್ಲಿ ಬೂಸ್ಟರ್, ಆಮೇಲೂ ವರ್ಷಕ್ಕೊಂದರಂತೆ ಐದು ವರ್ಷ. ಚುಚ್ಚಿದ ಕಡೆ ವಿಪರೀತ ನೋವು. "ಎರಡು ದಿನ ಕೈ ಎತ್ತಕ್ಕೆ ಆಗದಿಲ್ಲ, ಕೊಯ್ಲಲ್ಲಿ ಕೈ ಇಲ್ಲ ಅಂದ್ರೆ ಹೆಂಗೆ?" ಅಂತ ಭಾವ ಎರಡನೆಯದಕ್ಕೆ ಹೋಗಲೇ ಇಲ್ಲ. ಊರಿನಲ್ಲಿ ಅವರೊಬ್ಬರೇ ಅಲ್ಲ. ಇದನ್ನು ಕೇಳಿದವರು "ಹಳ್ಳಿಯವರಿಗೆ ತಿಳುವಳಿಕೆ ಇಲ್ಲ" ಅಂದುಬಿಡುತ್ತಾರೆ. ಆದರೆ 2005ರಿಂದ 2010ರವರೆಗಿನ ಲೆಕ್ಕ ತೆಗೆದು ಮಾಡಿದ ಅಧ್ಯಯನದಲ್ಲಿ ಎರಡು ಡೋಸಿನಿಂದ ಸಿಕ್ಕ ರಕ್ಷಣೆ ಶೇ 62ರಷ್ಟು, ಬೂಸ್ಟರ್ ಸೇರಿದರೆ ಶೇ 83ರಷ್ಟು. ಲಸಿಕೆ ಹಾಕಿಸಿಕೊಂಡೂ ಜ್ವರ ಬಂದವರನ್ನು ಊರವರು ಕಣ್ಣಾರೆ ಕಂಡಿದ್ದರು. ಕೊನೆಗೆ 2022ರಲ್ಲಿ, ಸಾಲದು ಅಂತ ಆ ಲಸಿಕೆಯನ್ನೇ ನಿಲ್ಲಿಸಿದರು. 2024ರ ಬೇಸಿಗೆಯಲ್ಲಿ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡಗಳಲ್ಲಿ ಮತ್ತೆ ಸಾವುಗಳಾದವು. ಹೊಸ ಲಸಿಕೆ ತಯಾರಿಸುವ ಕೆಲಸವೇನೋ ಶುರುವಾಗಿದೆ. ಅದು ಬರುವಾಗ ಕೊಯ್ಲಿನ ಲೆಕ್ಕ, ಕೂಲಿಯ ಲೆಕ್ಕವನ್ನೂ ಯಾರಾದರೂ ಹಾಕಲಿ ಅನ್ನುವುದು ನನ್ನ ಆಸೆ.

ಅಂದ ಹಾಗೆ, ನಮ್ಮ ಜಿಲ್ಲೆಯ ಊರಿನ ಹೆಸರು ಹೊತ್ತ ಇನ್ನೊಂದು ಕಾಯಿಲೆ ಇದೆ. ಹಂದಿಗೋಡು ಕಾಯಿಲೆ. ಸಾಗರದ ಹತ್ತಿರದ ಆ ಊರಿನಲ್ಲಿ 1974-75ರ ಹೊತ್ತಿಗೆ ಇದು ಹೊರಗಿನವರ ಕಣ್ಣಿಗೆ ಬಿತ್ತು. ಸೊಂಟ, ಮಂಡಿಯ ಕೀಲುಗಳಲ್ಲಿ ನೋವು ಶುರುವಾಗಿ, ಬರಬರುತ್ತಾ ನಿಲ್ಲಲು ಆಗದೆ, ಕೆಲವರು ತೆವಳಿಕೊಂಡೇ ಓಡಾಡುವ ಸ್ಥಿತಿ. ಕೆಲವರು ಕುಳ್ಳಾಗಿಯೇ ಉಳಿದರು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಹಲವು ಹಳ್ಳಿಗಳಲ್ಲಿ ಕಂಡುಬಂದ ಇದು ಕಾಡಿದ್ದು ಬಹುಪಾಲು ಚನ್ನಂಗಿ, ಛಲವಾದಿ ಸಮುದಾಯದ ಬಡ ಕೂಲಿಕಾರರನ್ನು.

ಆಗ ಹಬ್ಬಿದ ಮೊದಲ ಅನುಮಾನ ಏನು ಗೊತ್ತೇ? ಅವರು ತಿನ್ನುವ ಏಡಿ! ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೈ ಸೇರಿ, ಅದನ್ನು ತಿಂದವರ ಮೂಳೆ ಹಾಳಾಗಿದೆ ಅಂತ. ಅನುಮಾನವೇನೋ ಸಹಜವೇ, ವಿಷ ಹೊಡೆಯುತ್ತಿದ್ದದ್ದು ನಿಜ, ಏಡಿ ತಿನ್ನುತ್ತಿದ್ದದ್ದೂ ನಿಜ. ಆದರೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಬಂದು ಮನೆ ಮನೆ ನೋಡಿದಾಗ ಇದು ವಂಶದಲ್ಲಿ ಹರಿಯುತ್ತಿರುವುದು ಕಂಡಿತು. 1977ರಲ್ಲಿ ಅವರು ಅದನ್ನು ಬರೆದರು. 1994ರಲ್ಲಿ ಬಂದ ಎಕ್ಸ್‌ರೇ ಅಧ್ಯಯನ ಮೂಳೆಯ ಬೆಳವಣಿಗೆಯಲ್ಲೇ ದೋಷ ಇದೆ, ತಂದೆ ತಾಯಿಯಲ್ಲಿ ಒಬ್ಬರಿಗಿದ್ದರೂ ಪ್ರತಿ ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ ಅಂತ ತೋರಿಸಿತು.

ಹಾಗಾದರೆ ಇದು ಶುದ್ಧ ಜೀವಶಾಸ್ತ್ರವೇ? ಇಲ್ಲ ಅನ್ನಿಸುತ್ತದೆ. ಆ ವಂಶವಾಹಿ ಬೆರಳೆಣಿಕೆಯ ಕೇರಿಗಳಲ್ಲೇ ಉಳಿದುಕೊಂಡಿದ್ದು ಯಾಕೆ? ಹೆಣ್ಣು ಕೊಡುವುದು ತರುವುದು ಆ ಕೇರಿಗಳ ನಡುವೆಯೇ ನಡೆದದ್ದರಿಂದ. ಆ ಬೇಲಿ ಹಾಕಿದ್ದು ಮೂಳೆಯಲ್ಲ, ಜಾತಿ. ಇನ್ನೊಂದು ಮಾತು. ಇದೇ ಸೊಂಟದ ದೋಷ ನಮ್ಮಂಥ ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ಬಂದಿದ್ದರೆ ಅದು ಒಂದು ನೋವು. ಬಗ್ಗಿ ನಾಟಿ ಮಾಡಿದರೆ ಮಾತ್ರ ಅನ್ನ ಅನ್ನುವವರಿಗೆ ಬಂದರೆ ಅದು ಇಡೀ ಮನೆಯ ಹಸಿವು.

ಇವೆರಡನ್ನೂ ಓದುವಾಗ ನನಗೆ ವಿಚಿತ್ರ ಅನ್ನಿಸಿದ್ದು ಇದು. ಬಡವರ ಕಾಯಿಲೆ ಬಂದಾಗ ನಾವು ಮೊದಲು ಹುಡುಕುವುದು ಅವರ ಅಭ್ಯಾಸವನ್ನು. ಏನು ತಿಂದರು, ಎಲ್ಲಿ ಹೋದರು, ಯಾಕೆ ಲಸಿಕೆ ಹಾಕಿಸಿಕೊಳ್ಳಲಿಲ್ಲ. ನಮ್ಮ ಕಾಯಿಲೆ ಬಂದಾಗ? ಬೆಳಿಗ್ಗೆ ವಿನೋಬನಗರದ ಪಾರ್ಕುಗಳಲ್ಲಿ ವಾಕಿಂಗ್ ಮಾಡುವವರ ಮಾತು ಕೇಳಿ. "ಏನ್ ಮಾಡೋದು ಸಾರ್, ಶುಗರ್ರು ನಮ್ಮ ವಂಶದಲ್ಲೇ ಇದೆ!" ಅವರದು ಅಭ್ಯಾಸ, ನಮ್ಮದು ವಂಶ!

ನಮ್ಮದೂ ಅಷ್ಟು ಸರಳ ಅಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯಲ್ಲಿ (ಮಿಷನ್ ಆಸ್ಪತ್ರೆ ಅಂತಾರಲ್ಲ, ಅದೇ) 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ದರು. ಆ ಮಕ್ಕಳು ದೊಡ್ಡವರಾದ ಮೇಲೆ 517 ಜನರನ್ನು ಹುಡುಕಿ ಪರೀಕ್ಷೆ ಮಾಡಿದರು. 1996ರಲ್ಲಿ ಅದು ಪ್ರಕಟವಾಯಿತು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಹೃದಯದ ಕಾಯಿಲೆ ನೂರಕ್ಕೆ 11 ಜನರಿಗೆ. 3.1 ಕಿಲೋ ಮತ್ತು ಅದಕ್ಕಿಂತ ಹೆಚ್ಚು ತೂಗಿದವರಲ್ಲಿ ನೂರಕ್ಕೆ 3 ಜನರಿಗೆ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ತಂಡ 2003ರಲ್ಲಿ ತೋರಿಸಿದ್ದು ಇನ್ನೊಂದು: ನಮ್ಮ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ತೂಕದಲ್ಲಿ ತುಂಬಾ ಕಡಿಮೆ, ಆದರೆ ಕೊಬ್ಬಿನಲ್ಲಿ ಅಷ್ಟು ಕಡಿಮೆಯಲ್ಲ. ಹುಟ್ಟುವಾಗಲೇ ನಮ್ಮ ಮೈ ಸಕ್ಕರೆ ಕಾಯಿಲೆಗೆ ಅರ್ಧ ದಾರಿ ನಡೆದಿರುತ್ತದೆ ಅನ್ನಬಹುದು.

ಕೂಸು ಯಾಕೆ ಸಣ್ಣದು? ತಾಯಿ ಸಣ್ಣಗಿದ್ದಳು. ತಾಯಿ ಯಾಕೆ ಸಣ್ಣಗಿದ್ದಳು? ಅದಕ್ಕೆ ಹಲವು ಕಾರಣ ಇರಬಹುದು, ನನಗೆ ಗೊತ್ತಿರುವ ಒಂದು ಹೇಳುತ್ತೇನೆ. ನನ್ನ ಅಜ್ಜಿ ಮನೆಮಂದಿಯೆಲ್ಲ ಉಂಡ ಮೇಲೆ ಉಣ್ಣುತ್ತಿದ್ದರು. ಬಸುರಿ ಆದಾಗಲೂ ಹಾಗೇ ಇತ್ತಂತೆ. ಪಾತ್ರೆಯಲ್ಲಿ ಉಳಿದಿದ್ದರೆ ಸಾರು, ಇಲ್ಲದಿದ್ದರೆ ಮಜ್ಜಿಗೆ. ಅದನ್ನು ನಾವು ಸಂಸ್ಕಾರ ಅಂತ ಕರೆದೆವು. ಆ ಊಟದ ಲೆಕ್ಕ ಅಪ್ಪನ ಸಕ್ಕರೆ ಕಾಯಿಲೆಯಲ್ಲಿ ಬಂದಿರಬಹುದೇ ಅಂತ ಈಗ ಯೋಚಿಸುತ್ತೇನೆ. "ವಂಶದಲ್ಲಿದೆ" ಅನ್ನುವ ಮಾತಿನೊಳಗೆ ಅಡುಗೆಮನೆಯೂ ಸೇರಿಕೊಂಡಿದೆ ಅಂತಾಯಿತು.

ನನಗೆ ಹೇಳಬೇಕು ಅನ್ನಿಸಿದ್ದು ಇಷ್ಟೇ. ಕಾಯಿಲೆಯನ್ನು ಇದು ಪೂರ್ತಿ ವೈರಸ್ಸಿನದು, ಇದು ಪೂರ್ತಿ ಅಭ್ಯಾಸದ್ದು, ಇದು ಪೂರ್ತಿ ವಂಶದ್ದು ಅಂತ ಪಾಲು ಮಾಡಿ ಕೊಡಲು ಬರುವುದಿಲ್ಲ. ಹಾಗೆ ಪಾಲು ಮಾಡುವಾಗ ತಪ್ಪಿನ ಪಾಲು ಯಾವಾಗಲೂ ಬಾಯಿಲ್ಲದವರ ಕಡೆಗೇ ಹೋಗುತ್ತದೆ. ಮಂಗಕ್ಕೆ, ಏಡಿ ತಿಂದವರಿಗೆ, ದರಗು ಗುಡಿಸಿದವರಿಗೆ.

ಅಕ್ಕನ ಪ್ರಶ್ನೆಗೆ ಉತ್ತರ ಸಿಕ್ಕಿತೇ? ಪೂರ್ತಿ ಇಲ್ಲ. ಆದರೆ "ಕಾಡಿಗೆ ಹೋಗಬೇಡಿ" ಅನ್ನುವುದು ಉತ್ತರ ಅಲ್ಲ ಅಂತ ಗೊತ್ತಾಯಿತು. ಕೊಟ್ಟಿಗೆಗೆ ಬೇರೆ ಏನು ಹಾಸಬಹುದು, ಅದಕ್ಕೆ ದುಡ್ಡು ಯಾರು ಕೊಡಬೇಕು, ಬೇಸಿಗೆಯ ಆ ತಿಂಗಳುಗಳಲ್ಲಿ ಕೂಲಿಯವರಿಗೆ ಬೇರೆ ಏನು ಕೆಲಸ, ಜ್ವರ ಬಂದವರಿಗೆ ಕೂಲಿ ಸಮೇತ ರಜೆ ಕೊಡುವವರು ಯಾರು... ಇವೂ ಆರೋಗ್ಯದ ಪ್ರಶ್ನೆಗಳೇ. ಇವನ್ನು ಆರೋಗ್ಯ ಇಲಾಖೆಯ ಒಂದು ಕರಪತ್ರದಲ್ಲಿ ಮುಗಿಸಲು ಆಗುವುದಿಲ್ಲ.

ಅಲ್ಲಿಯವರೆಗೆ, ಕಾಡಂಚಿನಲ್ಲಿರುವ ನಿಮ್ಮವರಿಗೆ ಇಷ್ಟಾದರೂ ಹೇಳಿ. ಹೋಗುವ ಮುಂಚೆ ಆಶಾ ಕಾರ್ಯಕರ್ತೆಯರು ಕೊಡುವ ಎಣ್ಣೆ ಕೈಕಾಲಿಗೆ ಹಚ್ಚಿಕೊಳ್ಳಲಿ, ಅಂಟು ಅಂಟು ಅಂತ ಬೇಜಾರಾದರೂ ಪರವಾಗಿಲ್ಲ. ಮೈತುಂಬ ಬಟ್ಟೆ ಇರಲಿ. ಎಲೆ ರಾಶಿಯ ಮೇಲೆ ಕೂರುವುದು ಬೇಡ. ಬಂದ ಕೂಡಲೇ ಬಿಸಿನೀರಲ್ಲಿ ಸ್ನಾನ, ಹಾಕಿದ್ದ ಬಟ್ಟೆಯೂ ಬಿಸಿನೀರಿಗೆ. ಮಂಗ ಸತ್ತದ್ದು ಕಂಡರೆ ಮುಟ್ಟದೆ ತಿಳಿಸಲಿ. ಜ್ವರ ಬಂದರೆ ಮೂರು ದಿನ ಕಾಯದೆ ಹೋಗಿ ರಕ್ತ ಪರೀಕ್ಷೆ ಮಾಡಿಸಲಿ, ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಲಿ.

ನಿಮ್ಮೂರಲ್ಲಿ ದರಗು ಯಾರು ತರುತ್ತಾರೆ? ದರಗು ಬಿಟ್ಟು ಬೇರೆ ಏನಾದರೂ ಹಾಸಿ ಗೊಬ್ಬರ ಮಾಡುತ್ತಿರುವವರು ನಿಮಗೆ ಗೊತ್ತೇ? ಗೊತ್ತಿದ್ದರೆ ದಯವಿಟ್ಟು ಬರೆಯಿರಿ, ಹೊಸನಗರಕ್ಕೆ ತಲುಪಿಸುವ ಜವಾಬ್ದಾರಿ ನನ್ನದು.